ಯಾವ ಬೆಂಕಿ?

ಬಿಳಿಗಿರಿರಂಗನ ಬೆಟ್ಟದ ಕಾಡನ್ನು ಆವರಿಸುತ್ತಿರುವ ಲಂಟಾನ ಎಂಬ ಹೊರದೇಶದ ಪೊದೆಗಿಡದ ಬಗ್ಗೆ ಕಳೆದ ತಿಂಗಳು ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಬಂದ ಪತ್ರಗಳನ್ನು ನೋಡಿದರೆ ನಾಲ್ಕು ಪುಟ ಬರೆಯಬೇಕಿತ್ತು ಅನಿಸುತ್ತಿದೆ. ಐದು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದರ ಉತ್ತರ ಉದ್ದವಾಯಿತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟವಳಿಗೆ ಗಂಟೆ ಹೊಡೆದ ಮೇಲೂ ಮಾತು ನಿಲ್ಲಿಸಲು ಬರುವುದಿಲ್ಲ.

ಪ್ರಶ್ನೆ: ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದೇನೆ. ಬಿಳಿಗಿರಿರಂಗನ ಬೆಟ್ಟದ ಕಾಡ್ಗಿಚ್ಚು ಮತ್ತು ಲಂಟಾನ ನನ್ನ ಕಿರುಪ್ರಬಂಧದ ವಿಷಯ. ಉಪಗ್ರಹದಿಂದ ಪಡೆದ ಬೆಂಕಿಯ ದಾಖಲೆ ನನ್ನ ಬಳಿ ಇದೆ. ಮಾರ್ಗದರ್ಶಕರು 'ಆ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ ಪಾರಂಪರಿಕ ತಿಳಿವಳಿಕೆಯ ಮೇಲೆ ಒಂದು ಅಧ್ಯಾಯ ಸೇರಿಸು' ಎಂದಿದ್ದಾರೆ. ಪ್ರಶ್ನಾವಳಿ ಹೇಗಿರಬೇಕು?
(ವಿದ್ಯಾರ್ಥಿನಿ, ಕೊಳ್ಳೇಗಾಲ)

ಉತ್ತರ: 'ಸೇರಿಸು' ಎಂಬ ಮಾತಿನಲ್ಲೇ ತೊಡಕಿದೆ ಮಗೂ. ಅಡುಗೆಯೆಲ್ಲ ಮುಗಿದ ಮೇಲೆ ಎಲೆಯ ತುದಿಗೆ ಉಪ್ಪಿನಕಾಯಿ ಇಟ್ಟ ಹಾಗೆ. ನಾನೂ ಹಾಗೆಯೇ ಮಾಡಿದವಳು. ಮೊದಲು ಆ ಕಥೆ ಕೇಳು.

ತೊಂಬತ್ತರ ದಶಕದ ಕೊನೆಯಲ್ಲಿ, ವರ್ಷಕ್ಕೊಮ್ಮೆ, ಪದವಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದೆ. ಹತ್ತು ಮೀಟರಿನ ಹಗ್ಗ ಹಿಡಿದು ಚೌಕ ಹಾಕುವುದು, ಒಳಗಿನ ಗಿಡಗಳನ್ನು ಎಣಿಸುವುದು, ಕಾಂಡದ ಸುತ್ತಳತೆ ಬರೆದುಕೊಳ್ಳುವುದು. ಆನೆ ಬಂದರೆ ಎಚ್ಚರಿಸಲೆಂದು ಪೋಡಿನ, ಅಂದರೆ ಸೋಲಿಗರ ಹಾಡಿಯ, ಹಿರಿಯರೊಬ್ಬರು ಜೊತೆಗೆ ಬರುತ್ತಿದ್ದರು. ಅವರಿಗೆ ದಿನಗೂಲಿ ಕೊಡುತ್ತಿದ್ದೆವು, ಚಿತ್ರಾನ್ನದ ಪೊಟ್ಟಣ ಹಂಚಿಕೊಳ್ಳುತ್ತಿದ್ದೆವು, ಗುರುತು ಸಿಗದ ಗಿಡದ ಹೆಸರು ಕೇಳುತ್ತಿದ್ದೆವು. ಅಷ್ಟೇ. ನನ್ನ ರಿಜಿಸ್ಟರಿನಲ್ಲಿ 'ಬೆಂಕಿ: ಬಿದ್ದಿದೆ, ಬಿದ್ದಿಲ್ಲ' ಎಂಬ ಒಂದು ಕಾಲಂ ಇತ್ತು. ಬೂದಿಯೋ ಕರಕಲು ತೊಗಟೆಯೋ ಕಂಡರೆ ಅಲ್ಲಿ ಒಂದು ಟಿಕ್.

ನಾಲ್ಕನೆಯ ವರ್ಷವೋ ಐದನೆಯ ವರ್ಷವೋ, ಹುಡುಗನೊಬ್ಬ ಟಿಕ್ ಹಾಕುವ ಮೊದಲು ಹಿರಿಯರನ್ನೇ ಕೇಳಿದ, ಇಲ್ಲಿ ಬೆಂಕಿ ಬಿದ್ದಿತ್ತೇ ಎಂದು.

"ಯಾವ ಬೆಂಕಿ?" ಎಂದರು ಅವರು.

ನನಗೆ ಕೊನೆಯ ಬಸ್ಸಿನ ಚಿಂತೆ. "ಬೆಂಕಿ ಎಂದರೆ ಬೆಂಕಿ, ಯಜಮಾನರೇ," ಎಂದೆ. ಅವರು ನಕ್ಕುಬಿಟ್ಟರು. "ಒಲೆಗೆ ಹಚ್ಚಿದ್ದೂ ಸೂರಿಗೆ ಹತ್ತಿದ್ದೂ ಒಂದೇ ಏನಮ್ಮಾ?"

ಅಷ್ಟು ವರ್ಷದ ನನ್ನ ಟಿಕ್‌ಗಳು ಆ ಕ್ಷಣಕ್ಕೆ ನೀರಿನಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾದವು.

ಅವರು ವಿವರಿಸಿದ್ದು ತರಗು ಬೆಂಕಿಯನ್ನು. ಜನವರಿ, ಫೆಬ್ರವರಿಯ ಹೊತ್ತಿಗೆ ಎಲೆ ಉದುರಿರುತ್ತದೆ, ಆದರೆ ಪೂರ್ತಿ ಒಣಗಿ ಗರಿಗರಿಯಾಗಿರುವುದಿಲ್ಲ. ನೆಲದಲ್ಲಿ ಅಷ್ಟಿಷ್ಟು ತೇವ ಉಳಿದಿರುತ್ತದೆ. ಆಗ ಹಚ್ಚಿದ ಬೆಂಕಿ ಮೇಲೇಳದೆ ತರಗನ್ನು ಮೇಯುತ್ತಾ ಹೋಗಿ ತಾನಾಗಿಯೇ ಆರುತ್ತದೆ. ಉಣ್ಣಿಹುಳಗಳು ಸಾಯುತ್ತವೆ, ಹುಲ್ಲು ಚಿಗುರುತ್ತದೆ, ಆಗಷ್ಟೇ ತಲೆ ಎತ್ತಿದ ಲಂಟಾನದ ಸಸಿ ಸುಟ್ಟುಹೋಗುತ್ತದೆ ಎಂಬುದು ಸೋಲಿಗರ ಮಾತು. ಅದೇ ಕಾಡಿನಲ್ಲಿ ಮಾರ್ಚ್ ಕೊನೆಗೋ ಏಪ್ರಿಲ್‌ನಲ್ಲೋ, ಹಲವು ವರ್ಷದ ತರಗು ಒಟ್ಟಿಕೊಂಡಿರುವಾಗ ಬೀಳುವ ಬೆಂಕಿ ಮರದ ನೆತ್ತಿಯನ್ನೇ ಹಿಡಿಯುತ್ತದೆ. 1974ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಸೋಲಿಗರ ಸ್ಥಳಾಂತರ ಬೇಸಾಯ ನಿಂತಿತು, ಅವರು ಒಂದೆಡೆ ನೆಲೆಸಬೇಕಾಯಿತು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 30ನೆಯ ಕಲಮಿನ ಪ್ರಕಾರ ಅಪರಾಧ. ತರಗು ಬೆಂಕಿ ನಿಂತಿತು. ಬೇಸಿಗೆಯ ಬೆಂಕಿ ಮಾತ್ರ ಉಳಿಯಿತು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಈಗ ಅಂಕಿಗಳ ಕಡೆಗೆ ಬರೋಣ, ಏಕೆಂದರೆ ಅವೂ ದೊಡ್ಡ ಕೆಲಸ ಮಾಡಿವೆ. ಈ ಬೆಟ್ಟದಲ್ಲಿ 1997ರಲ್ಲಿ ಗುರುತಿಸಿದ್ದ ಚೌಕಗಳನ್ನೇ 2008ರಲ್ಲಿ ಮತ್ತೆ ಅಳೆದರು. ಮೊದಲ ಸಲ ಲಂಟಾನ ಇದ್ದದ್ದು ನೂರಕ್ಕೆ 41 ಚೌಕಗಳಲ್ಲಿ. ಹನ್ನೊಂದು ವರ್ಷದ ನಂತರ 81ರಲ್ಲಿ. ಮೊದಲು ಎಣಿಸಿದ ಇಪ್ಪತ್ತು ಕಾಂಡಗಳಲ್ಲಿ ಒಂದು ಲಂಟಾನದ್ದು, ಆಮೇಲೆ ಮೂರರಲ್ಲಿ ಒಂದು. ಇಂಥ ಲೆಕ್ಕವನ್ನು ಯಾವ ಅಜ್ಜನ ನೆನಪೂ ಕೊಡಲಾರದು. 'ತುಂಬಾ ಹೆಚ್ಚಿದೆ' ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು, ಎಲ್ಲಿ, ಎಷ್ಟು ಬೇಗ ಎನ್ನುವುದಕ್ಕೆ ಹಗ್ಗವೇ ಬೇಕು.

ಆದರೆ ಹಗ್ಗ ಹಿಡಿದದ್ದು 1997ರಲ್ಲಿ. ತರಗು ಬೆಂಕಿ ನಿಂತು ಅದಾಗಲೇ ಎರಡು ದಶಕ ದಾಟಿತ್ತು. ಚೌಕ ಹುಟ್ಟುವುದಕ್ಕೆ ಮುಂಚಿನ ಆ ಇಪ್ಪತ್ತು ವರ್ಷ ಇರುವುದು ಪೋಡಿನ ನೆನಪಿನಲ್ಲಿ. ಪರಿಸರ ವಿಜ್ಞಾನಿಗಳಾದ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ 'ಬೆಂಕಿ-ಲಂಟಾನ ಚಕ್ರ' ಎಂಬ ಊಹೆಯನ್ನು ಮುಂದಿಟ್ಟಿದ್ದರು: ಬೆಂಕಿಯಿಂದ ಲಂಟಾನ ಹೆಚ್ಚುತ್ತದೆ, ಲಂಟಾನ ಒಣಗಿ ಇನ್ನಷ್ಟು ಬೆಂಕಿಗೆ ಸೌದೆಯಾಗುತ್ತದೆ. ಸೋಲಿಗರು ಹೇಳುವುದು ಇದಕ್ಕೆ ತದ್ವಿರುದ್ಧ ಎಂದು ಮೊದಲ ಓದಿಗೆ ಅನಿಸುತ್ತದೆ, ಬೆಂಕಿ ನಿಂತದ್ದರಿಂದಲೇ ಲಂಟಾನ ಬಂತು ಎಂದು. ಒಬ್ಬರು ಸರಿ, ಇನ್ನೊಬ್ಬರು ತಪ್ಪು ಎಂದು ಅಂಕ ಹಾಕಲು ಹೊರಟರೆ ಅಲ್ಲಿಗೆ ಮುಗಿಯಿತು. ಆದರೆ ಅದೇ ಸಂಶೋಧಕರು ಸೋಲಿಗರ ಜೊತೆ ಕುಳಿತು ಕೇಳಿದರು. ಅದರ ಪ್ರಬಂಧ 2012ರಲ್ಲಿ ಬಂತು. ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟು: ಎರಡು ಮಾತುಗಳ ನಡುವೆ ಜಗಳವೇ ಇಲ್ಲ. ಅವು ಎರಡು ಬೇರೆ ಬೆಂಕಿಗಳ ಬಗ್ಗೆ, ಎರಡು ಬೇರೆ ಪ್ರಾಯದ ಲಂಟಾನದ ಬಗ್ಗೆ ಆಡಿದ ಮಾತುಗಳು. ಬೆರಳುದ್ದದ ಸಸಿಯನ್ನು ತರಗು ಬೆಂಕಿ ಕೊಲ್ಲಬಹುದು. ಆಳೆತ್ತರ ಪೊದೆಯಾಗಿ ಬುಡ ಬಲಿತ ಮೇಲೆ ಬೇಸಿಗೆಯ ಬೆಂಕಿ ಬಿದ್ದರೆ ಅದು ಬುಡದಿಂದ ಮತ್ತೆ ಚಿಗುರುತ್ತದೆ. ಈಗಿನ ಕಾಡಿಗೆ ಸುಮ್ಮನೆ ಬೆಂಕಿ ಇಟ್ಟರೆ ಕೆಡುತ್ತದೆ, ಮೊದಲು ಪೊದೆ ತೆಗೆಯಬೇಕು ಎಂದು ಸೋಲಿಗರೇ ಹೇಳುತ್ತಾರೆ. ಹಳೆಯದನ್ನು ಹಾಗೇ ತಂದು ಹಚ್ಚಿ ಎನ್ನುವ ಹಠ ಅವರದಲ್ಲ, ಪೇಟೆಯ ಅಭಿಮಾನಿಗಳದು.

ಆದ್ದರಿಂದ ಪ್ರಶ್ನಾವಳಿ ಬರೆಯುವುದಕ್ಕೆ ಮುಂಚೆ ನಿನ್ನ ಉಪಗ್ರಹದ ಕಡತವನ್ನು ತೆಗೆದುಕೊಂಡು ಪೋಡಿಗೆ ಹೋಗು. ಅದರಲ್ಲಿ 'ಬೆಂಕಿ' ಎಂದಿರುವುದು ಯಾವ ಬೆಂಕಿ ಎಂದು ಕೇಳು. ಮರಗಳ ನೆರಳಿನಡಿ ಹರಿದಾಡುವ ಸಣ್ಣ ಬೆಂಕಿ ಉಪಗ್ರಹದ ಕಣ್ಣಿಗೆ ಎಷ್ಟೋ ಸಲ ಬೀಳುವುದೇ ಇಲ್ಲ. ಬಿದ್ದರೂ ಅದಕ್ಕೆ ಜನವರಿಯದೂ ಏಪ್ರಿಲಿನದೂ ಒಂದೇ ಕೆಂಪು ಚುಕ್ಕಿ. ತಿಂಗಳ ಲೆಕ್ಕದಲ್ಲಿ ಬೇರ್ಪಡಿಸಿ ನೋಡು. 'ಮೊದಲು ಬೆಂಕಿ ಹಾಕುತ್ತಿದ್ದಿರಾ? ಹೌದು, ಇಲ್ಲ' ಎಂಬ ಬಗೆಯ ಪ್ರಶ್ನೆ ಬೇಡ, ಅದು ನನ್ನ ಹಳೆಯ ಟಿಕ್. ಜೊತೆಯಲ್ಲಿ ನಡೆ. ಒಂದು ಜಾಗದಲ್ಲಿ ನಿಂತು, ಇಲ್ಲಿ ಮೊದಲು ಏನಿತ್ತು, ನಿಮ್ಮ ಮದುವೆಯ ಕಾಲಕ್ಕೆ ಹೇಗಿತ್ತು, ದೊಡ್ಡ ಮಗ ಹುಟ್ಟಿದಾಗ ಹೇಗಿತ್ತು ಎಂದು ಕೇಳಿದರೆ ಇಸವಿಗಳು ತಾವಾಗಿ ಸಿಗುತ್ತವೆ. ಹೆಂಗಸರನ್ನು ಬಿಡಬೇಡ. ಗೆಡ್ಡೆ, ಸೊಪ್ಪು ಎಲ್ಲಿ ಕಡಿಮೆಯಾಯಿತು ಎನ್ನುವುದು ಅವರಿಗೆ ಗೊತ್ತು, ಅದನ್ನು ಕೇಳುವವರು ಕಡಿಮೆ.

ಇನ್ನೊಂದು ಮಾತು, ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊ. ನೀನು ಕೇಳುತ್ತಿರುವುದು ಕಾನೂನು ಅಪರಾಧ ಎನ್ನುವ ಕೆಲಸದ ಬಗ್ಗೆ. ಯಾರು ಹೇಳಿದರು, ಯಾವ ಪೋಡು ಎಂಬುದು ನಿನ್ನ ಪ್ರಬಂಧದಲ್ಲಿ ಗುರುತು ಸಿಗುವಂತೆ ಬರಕೂಡದು. ನಿನಗೆ ಅಂಕ ಸಿಗುತ್ತದೆ, ಅವರಿಗೆ ನೋಟಿಸು ಸಿಗಬಾರದು.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್. ಅಳೆಯಲಾಗದ್ದನ್ನು ನಂಬುವುದಿಲ್ಲ. ಬುಡಕಟ್ಟಿನವರು ಹೇಳಿದ್ದನ್ನೆಲ್ಲ ವಿಜ್ಞಾನ ಎನ್ನುವುದು ಈಗಿನ ಫ್ಯಾಷನ್ ಅಲ್ಲವೇ?
(ಓದುಗರು, ರಾಜಾಜಿನಗರ, ಬೆಂಗಳೂರು)

ಉತ್ತರ: ಫ್ಯಾಷನ್ ಇದೆ, ಒಪ್ಪುತ್ತೇನೆ. ಆದರೆ ಅಳತೆ ಎಂದಿರಲ್ಲ, ಅಳತೆಯ ಕಥೆಯೊಂದನ್ನು ಹೇಳುತ್ತೇನೆ, ನಿಮಗೆ ಹಿಡಿಸಬಹುದು.

ಅಲಾಸ್ಕದ ಉತ್ತರ ತುದಿಯಲ್ಲಿ ಇನ್ಯುಪಿಯಾಟ್ ಜನ ಬೋಹೆಡ್ ತಿಮಿಂಗಿಲವನ್ನು ತಲೆತಲಾಂತರದಿಂದ ಬೇಟೆಯಾಡಿ ಉಣ್ಣುವವರು. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆ ಬೇಟೆಯನ್ನು ನಿಷೇಧಿಸಿತು. ಉಳಿದಿರುವುದು 600ರಿಂದ 2,000 ತಿಮಿಂಗಿಲ ಎಂಬುದು ಆಗಿನ ಅಂದಾಜು. ದಡದ ಬಳಿ ಹಿಮ ಬಿರಿದು ತೆರೆದ ನೀರಿನಲ್ಲಿ ಹಾದುಹೋಗುವವನ್ನು ಹಿಮದ ಮೇಲೆ ಕುಳಿತು ಕಣ್ಣಿನಿಂದ ಎಣಿಸಿದ್ದರು. ಬೇಟೆಗಾರರು ಹೇಳಿದ್ದು: ನೀವು ಎಣಿಸಿದ್ದು ನಿಮಗೆ ಕಂಡವನ್ನು. ಅವು ಹಿಮದ ಹೊದಿಕೆಯ ಅಡಿಯಲ್ಲೂ ಈಜುತ್ತವೆ, ತೆಳು ಹಿಮವನ್ನು ತಲೆಯಿಂದ ಒಡೆದು ಉಸಿರಾಡುತ್ತವೆ, ದಡದಿಂದ ಬಹಳ ದೂರದಲ್ಲೂ ಹಾದುಹೋಗುತ್ತವೆ. ಜೀವವಿಜ್ಞಾನಿಗಳಲ್ಲಿ ಕೆಲವರು ಈ ಮಾತಿಗೆ ಕಿವಿಗೊಟ್ಟರು. ನೀರಿನೊಳಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟರು. ಕಾಣದ ತಿಮಿಂಗಿಲಗಳ ಕೂಗು ಕೇಳಿಸಿತು. ಕಣ್ಣಿನ ಎಣಿಕೆಗೆ ಕಿವಿಯ ಎಣಿಕೆ ಸೇರಿದ ಮೇಲೆ, ತೊಂಬತ್ತರ ದಶಕದ ಅಂದಾಜು ಸುಮಾರು 8,000ಕ್ಕೆ ಏರಿತು. 2001ರ ಎಣಿಕೆಯಲ್ಲಿ 10,000 ದಾಟಿತು. ಒಂದಿಷ್ಟು ಏರಿಕೆ ನಿಜವಾಗಿಯೂ ಸಂತತಿ ಬೆಳೆದದ್ದರಿಂದ, ಆದರೆ ಮೊದಲ ಲೆಕ್ಕ ತೀರಾ ಕಡಿಮೆಯಾಗಿತ್ತು ಎನ್ನುವುದು ಖಚಿತವಾಯಿತು. ಗಮನಿಸಿ, ಬೇಟೆಗಾರರ ಮಾತನ್ನು ಹಾಗೇ ಒಪ್ಪಿ ಸಹಿ ಹಾಕಲಿಲ್ಲ. ಆ ಮಾತು ಉಪಕರಣವನ್ನು ಎಲ್ಲಿ ಇಳಿಸಬೇಕೆಂದು ಹೇಳಿತು. ಎಂಜಿನಿಯರ್‌ಗೆ ಇದಕ್ಕಿಂತ ಹೆಚ್ಚಿಗೆ ಬಿಡಿಸಿ ಹೇಳಬೇಕೇ?

ಹಿರಿಯರು ತಪ್ಪುವುದೂ ಉಂಟು. ನಮ್ಮ ಜೊತೆ ಬರುತ್ತಿದ್ದ ಅದೇ ಯಜಮಾನರು ಒಂದು ವರ್ಷ, ಈ ಸಲ ಆ ಓಣಿಯಲ್ಲಿ ನೆಲ್ಲಿ ಕಾಯಿ ಕಚ್ಚುವುದಿಲ್ಲ ಎಂದಿದ್ದರು. ಹುಡುಗರು ಎಣಿಸಿದಾಗ ಕೊಂಬೆ ಬಾಗುವಷ್ಟು ಕಾಯಿತ್ತು. ಅವರಿಗೆ ಬೇಸರವಾಗಲಿಲ್ಲ, ಹೋಗಿ ನೋಡಿ ಬಂದು, ಉಪ್ಪಿಲು ಹತ್ತಿದ ಮರಗಳನ್ನು ಬಿಟ್ಟು ಎಣಿಸಿದ್ದೀರಿ ಎಂದರು. ನಿಜ, ಬಿಟ್ಟಿದ್ದೆವು. ಉಪ್ಪಿಲು ಎಂದರೆ ನಾವು ಬದನಿಕೆ ಎನ್ನುವ ಪರಾವಲಂಬಿ ಗಿಡ. ಅದರ ಅಂಟುಬೀಜವನ್ನು ಮರದಿಂದ ಮರಕ್ಕೆ ದಾಟಿಸುವ ಪುಟಾಣಿ ಹಕ್ಕಿಗೂ ಕನ್ನಡದಲ್ಲಿ ಬದನಿಕೆ ಎಂದೇ ಹೆಸರು. ಹೆಸರಿಟ್ಟವನು ಯಾವ ಕಾಲೇಜಿಗೆ ಹೋಗಿದ್ದನೋ! ತರಗು ಬೆಂಕಿ ನಿಂತ ಮೇಲೆ ನೆಲ್ಲಿಗೆ ಉಪ್ಪಿಲಿನ ಕಾಟ ಹೆಚ್ಚಿತು ಎಂದು ಸೋಲಿಗರು ಹೇಳುತ್ತಾರೆ. ಪರೀಕ್ಷಿಸಬಹುದಾದ ಮಾತು ಅದು. ಪರೀಕ್ಷಿಸಲು ಬೆಂಕಿ ಬೇಕು, ಬೆಂಕಿಗೆ ಅನುಮತಿ ಬೇಕು.

ಪ್ರಶ್ನೆ: ನಮ್ಮ ತಂದೆ ಮಳೆ ನಕ್ಷತ್ರ ನೋಡಿಯೇ ಬಿತ್ತುತ್ತಿದ್ದರು. 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎನ್ನುತ್ತಿದ್ದರು. ಈಗ ಯಾವ ಮಳೆಯೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಆ ಗಾದೆಗಳನ್ನು ಬಿಟ್ಟುಬಿಡಬೇಕೇ?
(ರೈತರು, ಹಿರಿಯೂರು ತಾಲ್ಲೂಕು)

ಉತ್ತರ: ಬಿಡುವ ಮುಂಚೆ ಎರಡು ಸಂಗತಿ ನೋಡಿ. ಒಂದು ಪಂಚಾಂಗದ್ದು. ಮಳೆ ನಕ್ಷತ್ರ ಸೂರ್ಯನ ನಡೆಯ ಲೆಕ್ಕ, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ಈ ನಕ್ಷತ್ರದ ಲೆಕ್ಕ ಋತುವಿನಿಂದ ಸುಮಾರು 71 ವರ್ಷಕ್ಕೆ ಒಂದು ದಿನ ಜಾರುತ್ತದೆ. ಐನೂರು ವರ್ಷದ ಗಾದೆಯಾದರೆ ಒಂದು ವಾರ ಜಾರಿದೆ, ಅಂದರೆ ಒಂದು ಮಳೆ ನಕ್ಷತ್ರದ ಅರ್ಧ ಅವಧಿ. ಇದು ನಿಮ್ಮ ತಂದೆಯ ತಪ್ಪಲ್ಲ, ಹವಾಮಾನ ಬದಲಾವಣೆಯೂ ಅಲ್ಲ.

ಇನ್ನೊಂದು ಬೆಳೆಯದು, ನನಗೆ ಇದೇ ಮುಖ್ಯ. ಗಾದೆ ಹುಟ್ಟಿದ್ದು ಯಾವ ಬೆಳೆಯ ಜೊತೆಗೆ? ನವಣೆ, ಜೋಳ, ಹುರುಳಿ, ಅವರೆ ಕೂಡಿಸಿ ಬಿತ್ತುತ್ತಿದ್ದ ಹೊಲದಲ್ಲಿ. ನಿಮ್ಮ ಪಕ್ಕದ ಪಾವಗಡದ ಕಥೆ ನೋಡಿ. ಅಲ್ಲಿ ಎಪ್ಪತ್ತರ ದಶಕದಿಂದ ಹೊಲವೆಲ್ಲ ಕಡಲೆಕಾಯಿಯಾಯಿತು. ಬೆಳೆ ಬದಲಾಯಿತು, ಬಿತ್ತುವ ತಿಳಿವಳಿಕೆ ಹಳೆಯದೇ ಉಳಿಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಪಾವಗಡದಲ್ಲೇ ಹೊಲ ಮಾಡುತ್ತಿದ್ದ ಸಂಶೋಧಕ ಪಿ.ಆರ್. ಶೇಷಗಿರಿ ರಾವ್ ಅವರ ಜೊತೆ ಸೇರಿ ಈ ಗಂಟನ್ನು ಬಿಡಿಸಿದರು. ಮೊದಲು ರೈತರನ್ನು ಕೇಳಿದರು: ಬಿತ್ತುವುದು ಯಾವಾಗಿನಿಂದ ಯಾವಾಗಿನವರೆಗೆ ಸಾಧ್ಯ, ಯಾವ ಹಂತದಲ್ಲಿ ಮಳೆ ತಪ್ಪಿದರೆ ಕಾಯಿ ಜೊಳ್ಳಾಗುತ್ತದೆ, ಯಾವ ಹುಳ ಯಾವ ಒಣಹವೆಗೆ ಬರುತ್ತದೆ? ಆಮೇಲೆ ದಶಕಗಳ ಮಳೆ ದಾಖಲೆಯನ್ನು ಬೆಳೆಯ ಕಂಪ್ಯೂಟರ್ ಮಾದರಿಯಲ್ಲಿ ಓಡಿಸಿದರು. ಬಂದ ಉತ್ತರ: ಮೊದಲ ಹದಕ್ಕೇ ಆತುರಪಟ್ಟು ಬಿತ್ತುವುದಕ್ಕಿಂತ ಜುಲೈ ಮಧ್ಯದ ನಂತರ ಬಿತ್ತಿದರೆ ಬೆಳೆ ಕೈಕೊಡುವ ಸಂಭವ ಕಡಿಮೆ. ಪ್ರಶ್ನೆ ಹೊಲದಿಂದ ಬಂದದ್ದರಿಂದ ಉತ್ತರವೂ ಹೊಲಕ್ಕೆ ಹೊಂದಿತು. ಕಚೇರಿಯಲ್ಲಿ ಕುಳಿತು 'ಮುಂಗಾರು ಸಾಮಾನ್ಯ' ಎಂದು ಹೇಳಿದರೆ ನಿಮಗೆ ಅದರಿಂದ ಏನು ಪ್ರಯೋಜನ?

ನೀವು ಮಾಡಬಹುದಾದದ್ದು ಒಂದಿದೆ. ಹೊಲದಲ್ಲೊಂದು ಮಳೆಮಾಪಕ ನೆಡಿ, ದಿನದ ಮಳೆಯನ್ನು ನಕ್ಷತ್ರದ ಹೆಸರಿನಡಿಯಲ್ಲೇ ಬರೆಯಿರಿ. ಹತ್ತು ವರ್ಷದ ಪುಸ್ತಕ ಕೈಗೆ ಬಂದಾಗ ಯಾವ ಗಾದೆ ನಿಂತಿದೆ, ಯಾವುದು ಬಿದ್ದಿದೆ ಎಂದು ನೀವೇ ನನಗೆ ಬರೆಯುವಿರಂತೆ. ಅಷ್ಟು ಹೊತ್ತಿಗೆ ನಾನು ಇದ್ದರೆ.

ಪ್ರಶ್ನೆ: ನಾನು ಹೊರದೇಶದಲ್ಲಿರುವ ಸಾಫ್ಟ್‌ವೇರ್ ಉದ್ಯೋಗಿ. ಕರ್ನಾಟಕದ ಬುಡಕಟ್ಟುಗಳ ಪವಿತ್ರ ಸ್ಥಳ, ಔಷಧಿ ಗಿಡಗಳನ್ನೆಲ್ಲ ಎಲ್ಲರಿಗೂ ತೆರೆದಿರುವ ನಕ್ಷೆಯಲ್ಲಿ ಗುರುತಿಸುವ ಆಸೆ. ಹೇಗೆ ಆರಂಭಿಸಲಿ?
(ಓದುಗರು, ಸಿಯಾಟಲ್)

ಉತ್ತರ: ಆಸೆ ಒಳ್ಳೆಯದು, 'ಎಲ್ಲರಿಗೂ ತೆರೆದಿರುವ' ಎಂಬ ಭಾಗಕ್ಕೆ ನನ್ನ ತಕರಾರು.

ಬಿಳಿಗಿರಿರಂಗನ ಬೆಟ್ಟದಲ್ಲಿ ಇಂಥ ನಕ್ಷೆ ಆಗಿದೆ. ಸೋಲಿಗ ಕುಲಗಳ ಎಲ್ಲೆಗಳನ್ನೂ ಅವುಗಳೊಳಗಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ ಎಂಬ ಪವಿತ್ರ ಸ್ಥಳಗಳನ್ನೂ ಸಮುದಾಯದವರೇ ಕಾಡಿನಲ್ಲಿ ನಡೆದು ತೋರಿಸಿದರು, ಸಂಶೋಧಕರು ಜಿಪಿಎಸ್‌ನಲ್ಲಿ ಗುರುತು ಹಾಕಿದರು. ಆ ಸಂಶೋಧಕರಲ್ಲಿ ಸೋಲಿಗರೂ ಇದ್ದರು ಎನ್ನುವುದನ್ನು ಮರೆಯಬೇಡಿ. ಆ ನಕ್ಷೆ ಪ್ರವಾಸಿಗರಿಗೆಂದು ಹುಟ್ಟಿದ್ದಲ್ಲ. ಈ ಕಾಡಿನೊಂದಿಗೆ ನಮಗೆ ನಂಟಿದೆ ಎಂದು ಹೇಳಲು ಸೋಲಿಗರಿಗೆ ಅದೊಂದು ಆಧಾರ. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದಲ್ಲಿ ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಹಾಗಾದದ್ದು ಅದೇ ಮೊದಲು.

ಔಷಧಿ ಗಿಡದ ವಿಷಯಕ್ಕೆ ಕೇರಳದ ಕಾಣಿ ಜನರ ಕಥೆ ತಿಳಿದುಕೊಳ್ಳಿ. 1987ರಲ್ಲಿ ಅಗಸ್ತ್ಯಮಲೆ ಹತ್ತುತ್ತಿದ್ದ ವಿಜ್ಞಾನಿಗಳು ಏದುಸಿರು ಬಿಡುತ್ತಿದ್ದಾಗ, ದಾರಿ ತೋರಿಸುತ್ತಿದ್ದ ಕಾಣಿ ಹುಡುಗರು ಯಾವುದೋ ಕಾಯಿ ಅಗಿಯುತ್ತಾ ದಣಿವಿಲ್ಲದೆ ನಡೆಯುತ್ತಿದ್ದರು. ಅದೇ ಆರೋಗ್ಯಪಚ್ಚ. ಅದರಿಂದ ತಯಾರಾದ 'ಜೀವನಿ' ಎಂಬ ಔಷಧದ ಪರವಾನಗಿ ಶುಲ್ಕದಲ್ಲಿ, ರಾಯಧನದಲ್ಲಿ ಅರ್ಧ ಪಾಲು ಕಾಣಿಗಳ ಟ್ರಸ್ಟಿಗೆ ಎಂದು ಒಪ್ಪಂದವಾಯಿತು. ಟ್ರಸ್ಟ್ ನೋಂದಣಿಯಾದದ್ದು 1997ರಲ್ಲಿ. ಲೋಕವೆಲ್ಲ ಮೆಚ್ಚಿದ ಏರ್ಪಾಡು ಅದು. ಆದರೂ ಕಾಣಿಗಳಲ್ಲೇ ಎಲ್ಲರೂ ಒಪ್ಪಿರಲಿಲ್ಲ, ವೈದ್ಯ ಮಾಡುವ ಹಿರಿಯರಲ್ಲಿ ಕೆಲವರಿಗೆ ಇದು ಹೊರಗಿನವರಿಗೆ ಹೇಳಕೂಡದ ಮಾತಾಗಿತ್ತು. ಹುಡುಗರು ಹೇಳಿದರು ಎಂದರೆ ಜನಾಂಗ ಹೇಳಿತು ಎಂದಾಗುತ್ತದೆಯೇ? ನಿಮ್ಮ ನಕ್ಷೆಯಲ್ಲಿ ಒಂದು ಗುಂಡಿ ಒತ್ತಿ ಇಡುವ ಚುಕ್ಕಿಯ ಹಿಂದೆ ಇಷ್ಟು ದೊಡ್ಡ ಜಗಳ ಇರಬಹುದು. ಗ್ರಾಮಸಭೆಯನ್ನು ಕೇಳಿ, ಯಾವ ಚುಕ್ಕಿ ಯಾರಿಗೆ ಕಾಣಬೇಕು ಎನ್ನುವ ಬೀಗದ ಕೈ ಅವರ ಬಳಿಯೇ ಇರುವಂತೆ ತಂತ್ರಾಂಶ ಬರೆಯಿರಿ. ಅದು ನಿಮಗೆ ಬರುವ ಕೆಲಸ, ನನಗೆ ಬಾರದ್ದು.

ಪ್ರಶ್ನೆ: ಲಂಟಾನದಿಂದ ಮಾಡಿದ ಕುರ್ಚಿ ಕೊಳ್ಳಬಹುದೇ? ಎಷ್ಟು ವರ್ಷ ಬಾಳುತ್ತದೆ? ಕೊಂಡರೆ ಕಾಡಿಗೆ ಉಪಕಾರವಾಗುತ್ತದೆಯೇ?
(ಗೃಹಿಣಿ, ಮೈಸೂರು)

ಉತ್ತರ: ಕೊಳ್ಳಿ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬೆತ್ತದ ಹಾಗೆ ಬಾಗಿಸಿ ಪೀಠೋಪಕರಣ ಮಾಡುತ್ತಾರೆ. ಹುಳ ಹಿಡಿಯುವುದು ಅಪರೂಪ. ನಮ್ಮ ಮನೆಯ ಜಗಲಿಯಲ್ಲಿರುವುದಕ್ಕೆ ಹದಿನಾಲ್ಕು ವರ್ಷ, ಒಂದು ಕಾಲು ಮಾತ್ರ ಸ್ವಲ್ಪ ಕುಂಟು, ಅದೂ ಮೊಮ್ಮಗನ ಕೃಪೆ. ಕಾಡಿಗೆ ಉಪಕಾರ ಎಂದರೆ, ನೀವೂ ನಿಮ್ಮ ಬೀದಿಯವರೆಲ್ಲರೂ ಮನೆತುಂಬ ಕುರ್ಚಿ ಹಾಕಿಕೊಂಡರೂ ಆ ಬೆಟ್ಟಗಳ ಲಂಟಾನ ಮುಗಿಯುವುದಿಲ್ಲ. ಕಡ್ಡಿ ಸುಲಿದವರ ಮನೆಗೆ ದುಡ್ಡು ಹೋಗುತ್ತದೆ, ನಿಮಗೆ ಕೂರಲು ಕುರ್ಚಿಯಾಗುತ್ತದೆ. ಮಳೆಯಲ್ಲಿ ನೆನೆಯಲು ಬಿಡಬೇಡಿ.